ನಿರೀಕ್ಷಿತ ವರಮಾನ ಮೂವತ್ತೆರಡು ಸಾವಿರ

ಆ ಸೋಮವಾರ ಬೆಳಿಗ್ಗೆ ಮ್ಯಾನೇಜರ್ ನನ್ನ ಮೇಜಿನ ಮೇಲೆ ಎರಡು ಕಾಗದ ಇಟ್ಟರು. ಒಂದು, ಕಂತು ಬಾರದೆ ನಿಂತ ಶಿಕ್ಷಣ ಸಾಲಗಳ ಪಟ್ಟಿ. ಒಂಬತ್ತು ಹೆಸರು, ಅವುಗಳಲ್ಲಿ ಏಳು ಬಿ.ಎಸ್ಸಿ. ನರ್ಸಿಂಗ್ ಓದಿದ ಹುಡುಗಿಯರವು. ಇನ್ನೊಂದು ಹೊಸ ಅರ್ಜಿ, ಅದೂ ನರ್ಸಿಂಗಿಗೇ. ಹಳೆಯವರನ್ನು ಹೋಗಿ ನೋಡಿ ವಸೂಲು ಮಾಡಬೇಕು, ಹೊಸದನ್ನು ಮುಂದಿನ ವಾರದ ಶುಕ್ರವಾರದೊಳಗೆ ಮಂಜೂರು ಮಾಡಿಸಬೇಕು, ಅಷ್ಟರೊಳಗೆ ಫೀಸು ಕಟ್ಟದಿದ್ದರೆ ಸೀಟು ಹೋಗುತ್ತದೆ ಎಂದು ಒಂದೇ ಉಸಿರಿನಲ್ಲಿ ಹೇಳಿದರು. ಅವರು ನನಗಿಂತ ಇಪ್ಪತ್ತು ವರ್ಷ ಚಿಕ್ಕವರು, ಕೆಟ್ಟವರೇನಲ್ಲ. ಆದರೆ ತೆಲುಗು ನಾಡಿನ ಗಡಿಯ ಜಹೀರಾಬಾದಿನ ನಮ್ಮ ಬ್ಯಾಂಕ್ ಶಾಖೆಯಲ್ಲಿ ಸಾಲದ ಕೆಲಸ ನೋಡುವವಳು ನಾನೊಬ್ಬಳೇ. ನಿವೃತ್ತಿಗೆ ಎರಡು ವರ್ಷ ಇದೆ, ಎಡ ಮೊಣಕಾಲು ಸವೆದಿದೆ, ಬಸ್ಸಿನ ಮೆಟ್ಟಿಲು ಕಂಡರೆ ಅಳು ಬರುತ್ತದೆ. ಆಗಲಿ ಅಂದೆ. ಬೇರೆ ಏನು ಅನ್ನಬೇಕು?

ಹೊಸ ಅರ್ಜಿಯ ಹುಡುಗಿ ಅವತ್ತೇ ಮಧ್ಯಾಹ್ನ ತಾಯಿಯ ಜೊತೆ ಬಂದಳು. ರಾಯಿಕೋಡ್ ಕಡೆಯ ಹಳ್ಳಿ. ತಾಯಿ ಅಲ್ಲಿನ ಅಂಗನವಾಡಿಯಲ್ಲಿ ಆಯಾ. ತಂದೆ ನಲ್ಲಿ ಪೈಪಿನ ಕೆಲಸಕ್ಕೆ ಊರೂರು ತಿರುಗುವವರು, ಒಂದು ಕಡೆ ನಿಂತ ಆದಾಯವಿಲ್ಲ. ಹಾಗಾಗಿ ಮಗಳ ಸಾಲಕ್ಕೆ ಜೊತೆ ಸಹಿ ತಾಯಿಯದು.

"ಜೈಭೀಮ್ ಮೇಡಂ," ಅಂದು ತಾಯಿ ನಿಂತೇ ಇದ್ದರು.

"ಕೂಡ್ರಿ, ಕುರ್ಚಿ ಇರೋದು ಕೂಡಾಕೇ."

ಹುಡುಗಿಗೆ ಸರ್ಕಾರಿ ಕಾಲೇಜಿನ ಸೀಟು ಸ್ವಲ್ಪದರಲ್ಲಿ ತಪ್ಪಿತ್ತು. ತಾಂಡೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಮ್ಯಾನೇಜ್‌ಮೆಂಟ್ ಸೀಟು ಸಿಕ್ಕಿತ್ತು, ಅಂದರೆ ಸರ್ಕಾರದಿಂದ ಫೀಸು ವಾಪಸು ಬರುವ ಸೌಲಭ್ಯ ಇಲ್ಲ. ಕಾಲೇಜಿನವರು ಕೊಟ್ಟ ಖರ್ಚಿನ ಪತ್ರ ಜೊತೆಗಿತ್ತು: ಫೀಸು, ಹಾಸ್ಟೆಲ್, ಊಟ, ಬಸ್ಸು, ಯೂನಿಫಾರ್ಮ್, ಪುಸ್ತಕ, ಲ್ಯಾಪ್‌ಟಾಪ್ ಎಲ್ಲ ಸೇರಿ ವರ್ಷಕ್ಕೆ ಒಂದೂವರೆ ಲಕ್ಷ, ನಾಲ್ಕು ವರ್ಷಕ್ಕೆ ಆರು ಲಕ್ಷ. ಇಂಥ ಪತ್ರ ನಾನು ಎಷ್ಟು ನೋಡಿದ್ದೇನೋ ಲೆಕ್ಕವಿಲ್ಲ. ಅರ್ಜಿಯ ನಮೂನೆ ತೆಗೆದು ತುಂಬತೊಡಗಿದೆ. ಹೆಸರು, ವಿಳಾಸ, ಅಂಕ, ತಾಯಿಯ ಪಗಾರ ತಿಂಗಳಿಗೆ ಏಳೂವರೆ ಸಾವಿರ. ಕೊನೆಯ ಪುಟದಲ್ಲಿ ಒಂದು ಖಾನೆ ಇದೆ: ಕೋರ್ಸು ಮುಗಿದ ಮೇಲೆ ನಿರೀಕ್ಷಿತ ಮಾಸಿಕ ವರಮಾನ. ಅಲ್ಲಿಗೆ ಬಂದಾಗ ನನ್ನ ಕೈ ತಾನೇ ಬರೆಯಿತು, ಮೂವತ್ತೆರಡು ಸಾವಿರ.

ಹುಡುಗಿ ಮೇಜಿನ ಆಚೆಯಿಂದ ತಲೆಕೆಳಗಾಗಿ ಓದುತ್ತಿದ್ದಳು. "ಅಷ್ಟು ಬರ್ತದೇನ್ರಿ ಮೇಡಂ?"

"ಬರ್ತದ ತಂಗಿ."

ತಾಯಿ ಮಗಳ ಮುಖ ನೋಡಿದರು. ಬಾಯೊಳಗೇ ಏನೋ ಎಣಿಸಿದರು. ತನ್ನ ಏಳೂವರೆಯನ್ನು ಮಗಳ ಮೂವತ್ತೆರಡರ ಪಕ್ಕ ಇಟ್ಟು ನೋಡುತ್ತಿದ್ದರು ಅನಿಸಿತು. ಹೋಗುವಾಗ ನನ್ನ ಎರಡೂ ಕೈ ಹಿಡಿದುಕೊಂಡರು.

ಅವರು ಹೋದ ಮೇಲೆ ಬಾಕಿ ಪಟ್ಟಿಯ ಮೊದಲ ಹೆಸರಿನ ಹಳೆಯ ಫೈಲು ತೆಗೆಸಿದೆ. ನಾರಾಯಣಖೇಡದ ಒಬ್ಬ ಟೇಲರನ ಮಗಳು. ಏಳು ವರ್ಷದ ಹಿಂದೆ ಆಕೆಯ ಸಾಲದ ಫೈಲು ಮಾಡಿದವಳು ನಾನೇ. ನಡುವೆ ಬೇರೆ ಶಾಖೆಗೆ ಹೋಗಿ ಮೂರು ವರ್ಷ ಇದ್ದು ಮತ್ತೆ ಇಲ್ಲಿಗೇ ಬಂದು ಬಿದ್ದಿದ್ದೆ, ಆಕೆಯನ್ನು ಮರೆತಿದ್ದೆ. ಕೊನೆಯ ಪುಟ ತಿರುವಿದೆ. ನನ್ನದೇ ಅಕ್ಷರ, ನಿರೀಕ್ಷಿತ ಮಾಸಿಕ ವರಮಾನ ಮೂವತ್ತೆರಡು ಸಾವಿರ. ಏಳು ವರ್ಷದಲ್ಲಿ ಚಹಾದ ಬೆಲೆ ಎರಡು ಪಟ್ಟಾಗಿದೆ, ಈ ಸಂಖ್ಯೆಗೆ ಒಂದು ರೂಪಾಯಿ ಏರಿಕೆಯಿಲ್ಲ, ಇಳಿಕೆಯಿಲ್ಲ. ಆಗ ತಲೆಗೆ ಹೊಕ್ಕಿತು, ನಾನು ಇದನ್ನು ಯಾರನ್ನೂ ಕೇಳಿ ಬರೆದದ್ದಲ್ಲ ಅಂತ.

ಮರುದಿನ ನಾರಾಯಣಖೇಡಕ್ಕೆ ಹೋದೆ. ಬಸ್ಸಿನಲ್ಲಿ ಸೀಟು ಸಿಕ್ಕಿದ್ದು ಅರ್ಧ ದಾರಿಯ ಮೇಲೆ. ಆಕೆ ಕೆಲಸ ಮಾಡುವ ದವಾಖಾನೆ ಬಸ್ ನಿಲ್ದಾಣದಿಂದ ದೂರವಿರಲಿಲ್ಲ, ಆದರೆ ವಾರ್ಡು ಎರಡನೇ ಮಹಡಿಯಲ್ಲಿತ್ತು, ಲಿಫ್ಟು ಕೆಟ್ಟಿತ್ತು. ಕೈಗಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿದೆ. ಮೇಲೆ ಬರುವಷ್ಟರಲ್ಲಿ ವಸೂಲಿಗೆ ಬಂದವಳ ಗತ್ತು ಏನೂ ಉಳಿದಿರಲಿಲ್ಲ. ಆಕೆಯೇ ನನ್ನನ್ನು ಕೈಹಿಡಿದು ಬೆಂಚಿನ ಮೇಲೆ ಕೂರಿಸಿದಳು, ನೀರು ಕೊಟ್ಟಳು, ಆಮೇಲೆ ಗುರುತು ಹಿಡಿದಳು.

"ಬ್ಯಾಂಕಿನ ಮೇಡಂ ಅಲ್ರಿ? ನಾನೇ ಬರಾಕಿದ್ದೆ."

"ಎಲ್ಲರೂ ಹಂಗೇ ಅಂತಾರ ತಂಗಿ. ಆರು ತಿಂಗಳಾತು."

"ಸುಳ್ಳು ಹೇಳಂಗಿಲ್ರಿ. ಹನ್ನೊಂದು ಸಾವಿರದ ಕಂತು. ಪಗಾರ ಹದಿಮೂರು. ನೀವೇ ಹೇಳ್ರಿ, ಎಲ್ಲಿಂದ ಕಟ್ಟಲಿ."

ಹದಿಮೂರೇ ಅಂತ ಕೇಳಿದೆ. ಹದಿಮೂರೇ. ಎರಡು ವರ್ಷದ ಅನುಭವದ ಮೇಲೆ ಅಷ್ಟು. ಸೇರಿದಾಗ ಹತ್ತು ಇತ್ತಂತೆ.

"ಹೈದರಾಬಾದಿಗಿ ಹೋಗಬೇಕಿತ್ತಲ್ಲ?"

"ಹೋಗಿದ್ದೆ ಮೇಡಂ, ಎಂಟು ತಿಂಗಳು. ಇಪ್ಪತ್ತು ಕೊಡ್ತಿದ್ರು. ಹಾಸ್ಟೆಲ್ಲು, ಊಟ, ಬಸ್ಸು ಅಂತ ಒಂಬತ್ತು ಅಲ್ಲೇ ಹೋಗ್ತಿತ್ತು. ಮತ್ತ ಹನ್ನೊಂದೇ ಉಳೀತು. ಅದನ್ನ ನಿಮಗ ಕಟ್ಟಿದ್ರ ಸಾಬೂನು ಕೊಳ್ಳಾಕ ಅಪ್ಪನ ಕಡೆ ಕೇಳಬೇಕಿತ್ತು. ಇಲ್ಲಾದ್ರ ಮನಿಯಾಗ ಉಂಡು ಐದು ಸಾವಿರ ಆದ್ರೂ ಹಾಕ್ತಿದ್ದೆ. ಈಗ ಆರು ತಿಂಗಳಿಂದ ಅದೂ ಆಗಿಲ್ಲ, ಅವ್ವಗ ಗರ್ಭಕೋಶದ ಆಪರೇಷನ್ ಆತು."

ಸರ್ಕಾರಿ ನೌಕರಿಗೆ ಪರೀಕ್ಷೆ ಬರೆದಿದ್ದಳು, ಒಮ್ಮೆ ಆಯ್ಕೆ ಪಟ್ಟಿಯ ಸಮೀಪದ ತನಕ ಬಂದು ನಿಂತಿದ್ದಳು. ಮತ್ತೆ ಬರೆಯುತ್ತೇನೆ ಅಂದಳು. ಆ ಕಡೆಯಿಂದ ಯಾರೋ ಸಲೈನ್ ಮುಗಿಯಿತು ಎಂದು ಕೂಗಿದರು. ಎದ್ದು ಹೋದಳು, ಒಂದು ಮುದುಕಿಯ ಕೈಯಿಂದ ಸೂಜಿ ತೆಗೆದು ಹತ್ತಿ ಒತ್ತಿ, ಏನೋ ಚೇಷ್ಟೆ ಮಾಡಿ ಆಕೆಯನ್ನು ನಗಿಸಿ ವಾಪಸು ಬಂದಳು. ಕೆಲಸ ಚೆನ್ನಾಗಿ ಕಲಿತಿದ್ದಳು. ಅದನ್ನು ನೋಡಿ ನನಗೆ ಸಮಾಧಾನ ಆಗಬೇಕಿತ್ತು, ಸಂಕಟ ಆಯಿತು.

"ಒಂದು ಕೇಳ್ತೀನಿ," ಅಂದೆ. "ಮತ್ತ ಮೊದಲಿಂದ ಶುರು ಮಾಡೋ ಹಂಗಿದ್ರ ನರ್ಸಿಂಗ್ ಓದ್ತಿದ್ದಿಯೇನು?"

ಯೋಚನೆ ಮಾಡದೆ ಉತ್ತರ ಕೊಟ್ಟಳು. "ಓದ್ತಿದ್ದೆ. ಇಷ್ಟು ಕರ್ಜ ತಗೋತಿದ್ದಿಲ್ಲ. ಕಾಲೇಜಿನ ಊರಾಗೇ ನಮ್ಮ ಸೋದರಮಾವನ ಮನಿ ಇತ್ರಿ. ಅವತ್ತ ನೀವೇ ಅಂದಿರಿ, ಹಾಸ್ಟೆಲ್ಲಿಗೂ ಸಿಗ್ತದ, ಸಿಗೋವಷ್ಟು ತಗೋ, ಯಾಕ ಮಂದಿ ಮನಿಯಾಗ ಇರ್ತಿ ಅಂತ."

ಅಂದಿರಲೇಬೇಕು. ಆ ಮಾತನ್ನು ಎಷ್ಟು ಜನಕ್ಕೆ ಹೇಳಿದ್ದೇನೋ. ಒಂದು ಮಿತಿಯ ತನಕ ಜಾಮೀನು ಕೇಳುವಂತಿಲ್ಲ, ಹಾಗಾಗಿ ಎಲ್ಲರಿಗೂ ಆ ಮಿತಿಯ ಸಮೀಪದ ತನಕ ಕೊಟ್ಟುಬಿಡುವುದು ನಮ್ಮ ಶಾಖೆಯ ರೂಢಿ. ಬಡವರ ಮಕ್ಕಳಿಗೆ ಕೈಬಿಚ್ಚಿ ಕೊಡುತ್ತಿದ್ದೇವೆ ಎಂದು ನನಗೆ ಒಳಗೊಳಗೇ ಹೆಮ್ಮೆ ಬೇರೆ. ಮತ್ತೆ ವಸೂಲಿಯ ಮಾತು ಎತ್ತದೆ, ಕಂತಿನ ಅವಧಿ ಹೆಚ್ಚಿಸಲು ಒಂದು ಅರ್ಜಿ ಬರೆಸಿಕೊಂಡು ಕೆಳಗಿಳಿದೆ. ಇಳಿಯುವುದು ಹತ್ತುವುದಕ್ಕಿಂತ ಕಷ್ಟವಾಯಿತು.

ಮುಂದಿನ ಎರಡು ದಿನ ಊಟದ ಹೊತ್ತಿನಲ್ಲಿ ದಾಖಲೆ ಕೋಣೆಯಲ್ಲಿ ಕೂತು ಮೂವತ್ತೆರಡು ಸಾವಿರದ ಜಾಡು ಹಿಡಿದೆ. ಹಳೆಯ ಫೈಲಿನಿಂದ ಇನ್ನೂ ಹಳೆಯ ಫೈಲಿಗೆ. ಪ್ರತಿಯೊಂದರಲ್ಲೂ ಅದೇ ಸಂಖ್ಯೆ, ಬೇರೆ ಬೇರೆಯವರ ಅಕ್ಷರ. ಕೊನೆಗೆ ಅಡಿಯಲ್ಲಿ ಒಂದು ಫೈಲು ಸಿಕ್ಕಿತು. ನಮ್ಮ ಶಾಖೆಯ ಮೊದಲ ನರ್ಸಿಂಗ್ ಸಾಲ ಇರಬೇಕು. ಅದಕ್ಕೆ ಪುರಾವೆಯಾಗಿ ಒಂದು ಪಗಾರದ ಚೀಟಿ ಅಂಟಿಸಿದ್ದರು. ಹುಡುಗಿಯ ಸೋದರತ್ತೆಯದು. ಆಕೆ ಸರ್ಕಾರಿ ಆಸ್ಪತ್ರೆಯಲ್ಲಿ ಬಹಳ ವರ್ಷ ಸೇವೆ ಮಾಡಿದ ನರ್ಸು. ಅವರ ಪಗಾರ ಮೂವತ್ತೆರಡು ಸಾವಿರ ಇತ್ತು. ಆ ಫೈಲನ್ನು ನೋಡಿ ಎರಡನೆಯದು ಬರೆದರು, ಎರಡನೆಯದನ್ನು ನೋಡಿ ಮೂರನೆಯದು. ಮೇಲಿನ ಆಫೀಸಿನವರು ಒಮ್ಮೆ ಒಪ್ಪಿದ ಸಂಖ್ಯೆಯಾದ್ದರಿಂದ ಪ್ರಶ್ನೆ ಬರುವುದಿಲ್ಲ ಎಂಬ ಧೈರ್ಯ. ಹಳೆಯ ಫೈಲು ಮುಂದಿಟ್ಟುಕೊಂಡು ಹೊಸದು ತುಂಬುವುದು ಬ್ಯಾಂಕಿನಲ್ಲಿ ನಮಗೆ ಮೊದಲ ದಿನ ಕಲಿಸುವ ವಿದ್ಯೆ. ನೆಲದ ಮೇಲೆ ಕಾಲು ಚಾಚಿ ಕೂತಿದ್ದ ನನಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಆ ಅತ್ತೆ ಈಗ ಪಿಂಚಣಿ ತೆಗೆದುಕೊಳ್ಳುತ್ತಿರಬಹುದು, ಅವರ ಪಗಾರ ಮಾತ್ರ ನಮ್ಮಲ್ಲಿ ಇನ್ನೂ ದುಡಿಯುತ್ತಿತ್ತು.

ಆಮೇಲೆ ವಿಚಾರಿಸಲು ಶುರು ಮಾಡಿದೆ. ದವಾಖಾನೆಯ ಮಾಲೀಕರನ್ನು ಕೇಳಲಿಲ್ಲ, ಅವರು ಹೇಳುವುದು ಬೇರೆ. ನನ್ನ ಮೊಣಕಾಲಿಗೆ ಇಂಜೆಕ್ಷನ್ ಕೊಡುವ ನರ್ಸನ್ನು ಕೇಳಿದೆ, ಆಕೆ ತನ್ನ ಗೆಳತಿಯರ ಕಡೆ ಕಳಿಸಿದಳು. ಬಾಕಿ ಪಟ್ಟಿಯ ಉಳಿದ ಹುಡುಗಿಯರಿಗೂ ಫೋನ್ ಮಾಡಿದೆ. ಮೊದಲು ಎಲ್ಲರೂ ವಸೂಲಿಗೆ ಅಂತ ಹೆದರಿದರು. ನಿನ್ನ ಪಗಾರ ಎಷ್ಟು ಹೇಳು ಸಾಕು, ಇವತ್ತು ರೊಕ್ಕ ಕೇಳೋದಿಲ್ಲ ಅಂದ ಮೇಲೆ ಬಾಯಿಬಿಟ್ಟರು. ಒಬ್ಬಳು ಒಂಬತ್ತು ಅಂದಳು. ಹೈದರಾಬಾದಿನ ದೊಡ್ಡ ಆಸ್ಪತ್ರೆಯವಳು ಇಪ್ಪತ್ತೆರಡು ಅಂದಳು. ಒಬ್ಬಳಿಗೆ ಸರ್ಕಾರಿ ನೌಕರಿ ಸಿಕ್ಕಿತ್ತು, ಆಕೆ ಇನ್ನು ಮುಂದೆ ಬಾಕಿ ಇಡುವುದಿಲ್ಲ ಎಂದು ತಾನೇ ಹೇಳಿದಳು. ಮಿಕ್ಕವರದೆಲ್ಲ ಹನ್ನೆರಡು, ಹದಿಮೂರು, ಹದಿನಾಲ್ಕು. ಒಂದು ಹಾಳೆಯ ಮೇಲೆ ಬರೆದುಕೊಂಡೆ. ಅದೃಷ್ಟವಿದ್ದವಳಿಗೆ ಒಳ್ಳೆಯದಾಗಲಿ, ಆದರೆ ಫೈಲಿನಲ್ಲಿ ಅದೃಷ್ಟ ಬರೆಯುವಂತಿಲ್ಲ. ಹದಿಮೂರು ಬರೆಯಬೇಕು ಎಂದು ನಿರ್ಧಾರ ಮಾಡಿದೆ.

ಶುಕ್ರವಾರ ಹೊಸ ಹುಡುಗಿಯ ಅರ್ಜಿಯನ್ನು ಕಂಪ್ಯೂಟರಿಗೆ ಹಾಕಿದೆ. ಇದರ ಲೆಕ್ಕ ಹೀಗೆ. ಓದುವ ನಾಲ್ಕು ವರ್ಷ, ಆಮೇಲೊಂದು ವರ್ಷ ಕಂತು ಇರುವುದಿಲ್ಲ, ಆದರೆ ಬಡ್ಡಿ ಮೊದಲ ದಿನದಿಂದಲೇ ಬೆಳೆಯುತ್ತದೆ. ಬಡ್ಡಿಗೆ ಸರ್ಕಾರದ ನೆರವು ಸಿಗುವ ಕಾಲೇಜುಗಳ ಪಟ್ಟಿಯಲ್ಲಿ ಇವಳ ಕಾಲೇಜು ಇರಲಿಲ್ಲ. ಆರು ಲಕ್ಷ ಕೊಟ್ಟರೆ ಕಂತು ಶುರುವಾಗುವ ದಿನ ಎಂಟು ಲಕ್ಷ ಇಪ್ಪತ್ತು ಸಾವಿರ ಆಗಿರುತ್ತದೆ. ಹತ್ತು ವರ್ಷ ತಿಂಗಳಿಗೆ ಹನ್ನೊಂದು ಸಾವಿರದ ಮೇಲೆ ಕಟ್ಟಬೇಕು. ಕಂತು ನಿರೀಕ್ಷಿತ ವರಮಾನದ ಅರ್ಧಕ್ಕಿಂತ ಹೆಚ್ಚಾದರೆ ಫೈಲು ಮುಂದೆ ಹೋಗುವುದಿಲ್ಲ. ಮೂವತ್ತೆರಡಕ್ಕೆ ಪರದೆಯ ಮೇಲೆ ಹಸಿರು ಬರುತ್ತಿತ್ತು. ಹದಿಮೂರು ಒತ್ತಿದ ಕೂಡಲೇ ಕೆಂಪಾಯಿತು.

ಮ್ಯಾನೇಜರ್ ಕರೆದರು. ಅವರು ತೆಲುಗಿನವರು, ಕೋಪ ಬಂದರೂ ದನಿ ಏರಿಸುವುದಿಲ್ಲ.

"ಮೇಡಂ, ಎಲ್ಲ ಫೈಲಿನಲ್ಲೂ ಮೂವತ್ತೆರಡು ಇದೆ, ಇದೊಂದಕ್ಕೆ ಹದಿಮೂರು ಬರೆದರೆ ಹಳೆಯದಕ್ಕೆಲ್ಲ ಉತ್ತರ ಯಾರು ಕೊಡ್ತಾರೆ?"

"ನಾನೇ ಕೊಡ್ತೀನಿ. ಬರೆದವಳು ನಾನೇ ಅಲ್ವ?"

"ನಿಮ್ಮ ಸತ್ಯಕ್ಕೆ ಒಂದು ಹುಡುಗಿಯ ಸೀಟು ಹೋಗುತ್ತೆ. ಅದು ಸರೀನಾ?"

ಅವರು ಕೇಳಿದ್ದು ನ್ಯಾಯವಾಗಿಯೇ ಇತ್ತು. ಸುಳ್ಳು ಬರೆದರೆ ಹುಡುಗಿ ನರ್ಸಾಗುತ್ತಾಳೆ, ಆರು ವರ್ಷದ ಮೇಲೆ ಯಾರೋ ಅಧಿಕಾರಿ ಮೆಟ್ಟಿಲು ಹತ್ತಿ ಆಕೆಯ ವಾರ್ಡಿಗೆ ಹೋಗುತ್ತಾರೆ. ನಿಜ ಬರೆದರೆ ಆಕೆ ಹಳ್ಳಿಯಲ್ಲೇ ಉಳಿಯುತ್ತಾಳೆ. ಸೋಮವಾರದ ತನಕ ಸಮಯ ಕೊಡಿ ಅಂದೆ. ಅವರು ಕ್ಯಾಲೆಂಡರ್ ನೋಡಿದರು, ನನ್ನ ಮುಖ ನೋಡಿದರು, ಆಯಿತು ಅಂದರು. ಮನೆಗೆ ಬಂದು ರೊಟ್ಟಿ ಬಡಿಯಲಾಗಲಿಲ್ಲ, ಮೊಸರನ್ನ ಕಲಸಿಕೊಂಡು ಉಂಡು ಮಲಗಿದೆ. ಸಾಕಾಗಿ ಹೋಗಿತ್ತು. ಎರಡು ವರ್ಷ ಸುಮ್ಮನೆ ತಲೆ ಬಗ್ಗಿಸಿ ಸಹಿ ಹಾಕಿದ್ದರೆ ಆಗುತ್ತಿತ್ತಲ್ಲ, ಯಾರು ಕೇಳುತ್ತಿದ್ದರು ಅಂತಲೂ ಅನಿಸಿತು.

ಶನಿವಾರ ಎರಡು ಬಸ್ಸು ಬದಲಿಸಿ ತಾಂಡೂರಿಗೆ ಹೋದೆ. ಕಾಲೇಜಿನ ಖರ್ಚಿನ ಪತ್ರ ನಿಜವೋ ಎಂದು ನೋಡುವುದು ನನ್ನ ಕೆಲಸದ ಭಾಗವೇ, ಆದರೆ ಅದನ್ನೂ ಫೋನಿನಲ್ಲೇ ಮುಗಿಸುವ ರೂಢಿ. ಕಾಲೇಜಿನ ಕ್ಲರ್ಕು ಪುಣ್ಯಾತ್ಮ, ಕುರ್ಚಿ ಕೊಟ್ಟ, ಚಹಾ ತರಿಸಿದ.

"ಇದರಾಗ ಕಟ್ಟಲೇಬೇಕಾದದ್ದು ಎಷ್ಟು?" ಎಂದು ಪತ್ರ ತೋರಿಸಿ ಕೇಳಿದೆ.

"ಫೀಸಷ್ಟ ಮೇಡಂ. ವರ್ಷಕ್ಕ ಎಪ್ಪತ್ತು ಸಾವಿರ. ಹಾಸ್ಟೆಲ್ಲು, ಊಟ ಐವತ್ತು, ಅದು ಅವರ ಖುಷಿ. ಮಿಕ್ಕಿದ್ದು ಬಸ್ಸು, ಲ್ಯಾಪ್‌ಟಾಪು ಅದು ಇದು."

"ಮತ್ತ ಎಲ್ಲ ಸೇರಿಸಿ ಯಾಕ ಬರದೀರಿ?"

ಆತ ನನ್ನನ್ನೇ ವಿಚಿತ್ರವಾಗಿ ನೋಡಿದ. "ಬ್ಯಾಂಕಿನವರೇ ಪೂರಾ ಬರಸಿಕೊಂಡು ಬಾ ಅಂತ ಕಳಸ್ತಾರಲ್ರಿ. ನಾವು ಕೇಳಿದ್ದು ಬರದು ಕೊಡ್ತೀವಿ."

ಬೈಯಲು ಹೋದವಳು ಬಾಯಿ ಮುಚ್ಚಿಕೊಂಡು ಚಹಾ ಕುಡಿದೆ. ಅರ್ಜಿಯಲ್ಲಿ ಗುರುತಿನವರ ಹೆಸರಿನ ಕಡೆ ಹುಡುಗಿಯ ಚಿಕ್ಕಮ್ಮನ ವಿಳಾಸ ಇತ್ತು, ಅದೂ ತಾಂಡೂರೇ. ಅವರು ಕೆಲಸದಿಂದ ಬರುವ ಹೊತ್ತು ನೋಡಿ ಆಟೋ ಹಿಡಿದು ಅಲ್ಲಿಗೆ ಹೋದೆ. ಗಂಡ ಹೆಂಡತಿ ಇಬ್ಬರೂ ಕಲ್ಲು ಪಾಲಿಶ್ ಕಾರ್ಖಾನೆಯಲ್ಲಿ ಕೂಲಿ, ಎರಡು ಕೋಣೆ, ಇಬ್ಬರು ಸಣ್ಣ ಮಕ್ಕಳು. ಹೊಸ್ತಿಲ ಮೇಲೂ ಬಿಳಿ ಧೂಳು ಕೂತಿತ್ತು. ಅಕ್ಕನ ಮಗಳು ನಾಲ್ಕು ವರ್ಷ ಇಲ್ಲಿ ಇರಬಹುದೇ ಎಂದು ಕೇಳಿದೆ.

"ಇರಲಿ ಅಕ್ಕೋರ. ನಮ್ಮ ಕೂಸಲ್ಲೇನು? ಉಂಬೋದು ನಾವು ಉಂಡದ್ದೇ. ಆದ್ರ ನಾ ಬೆಳಗ್ಗ ಏಳಕ್ಕ ಹೋದ್ರ ಸಂಜಿಗಿ ಬರಾಕಿ. ಹುಡುಗರನ್ನ ಜರಾ ನೋಡ್ಕೋಬೇಕಾಗ್ತದ, ಅದನ್ನೂ ಈಗೇ ಹೇಳ್ತೀನಿ."

ನೇರ ಮಾತಿನ ಹೆಂಗಸು. ವಾಪಸು ಬರುವಾಗ ಬಸ್ಸಿನಲ್ಲಿ ಮೊಬೈಲಿನಲ್ಲೇ ಲೆಕ್ಕ ಹಾಕಿದೆ. ಫೀಸು ಮಾತ್ರ ಅಂದರೆ ನಾಲ್ಕು ವರ್ಷಕ್ಕೆ ಎರಡು ಲಕ್ಷ ಎಂಬತ್ತು ಸಾವಿರ. ಬಡ್ಡಿ ಸೇರಿ ಮೂರು ಲಕ್ಷ ಎಂಬತ್ತಮೂರು ಸಾವಿರ. ಕಂತು ಐದು ಸಾವಿರದ ಇನ್ನೂರರ ಒಳಗೆ. ಹದಿಮೂರರ ಅರ್ಧಕ್ಕಿಂತ ಕಡಿಮೆ. ಇದು ಹಸಿರಾಗುತ್ತದೆ. ತಲೆಯ ಮೇಲಿನ ಭಾರ ಇಳಿದಂತಾಯಿತು, ಜಹೀರಾಬಾದಿನ ಹತ್ತಿರದ ಕೊಹೀರ್ ಬರುವ ತನಕ ಕೂತಲ್ಲೇ ನಿದ್ದೆ ಹೋದೆ.

ಸೋಮವಾರ ತಾಯಿ ಮಗಳನ್ನು ಕರೆಸಿದೆ. ಮೊದಲು ತಪ್ಪು ಒಪ್ಪಿಕೊಂಡೆ. ಅವತ್ತು ಹೇಳಿದ ಮೂವತ್ತೆರಡು ಸಾವಿರ ಸುಳ್ಳು, ಈ ಕಡೆ ಹದಿಮೂರು ಸಿಕ್ಕರೆ ದೊಡ್ಡದು ಎಂದೆ. ಹಾಳೆ ತಿರುಗಿಸಿ ಎಲ್ಲರ ಪಗಾರ ತೋರಿಸಿದೆ, ಹೆಸರು ಮುಚ್ಚಿ. ಆರು ಲಕ್ಷದ ಕಂತು ಎಷ್ಟು, ಬರೀ ಫೀಸಿನ ಕಂತು ಎಷ್ಟು ಬರೆದು ತೋರಿಸಿದೆ. ಚಿಕ್ಕಮ್ಮನ ಮನೆಯ ವಿಷಯ ಹೇಳಿದೆ. ಹುಡುಗಿ ಖುಷಿಯಾಗುತ್ತಾಳೆ, ಕನಿಷ್ಠ ಥ್ಯಾಂಕ್ಸ್ ಅನ್ನುತ್ತಾಳೆ ಅಂದುಕೊಂಡಿದ್ದೆ. ಆಕೆಯ ಮುಖ ಗಂಟಾಯಿತು.

"ಚಿಕ್ಕವ್ವನ ಮನಿಯಾಗ ನಾ ಓದಾಕ ಆಗಂಗಿಲ್ರಿ. ಅಲ್ಲಿ ಇಟ್ರ ನಾ ಹುಡುಗರನ್ನ ಆಡಸಾಕ, ಭಾಂಡೆ ತಿಕ್ಕಾಕ. ಹಾಸ್ಟೆಲ್ ಅಂದ್ರ ನನಗ ಅನ್ನ ಅಲ್ರಿ ಮೇಡಂ, ಓದಾಕ ಜಾಗಾ."

"ಸುಮ್ ಇರು," ಅಂದರು ತಾಯಿ.

"ನೀ ಸುಮ್ ಇರಬೇ. ಮೇಡಂ, ನೀವು ನರ್ಸ್ ಆದ್ರ ಎಷ್ಟು ಬರ್ತದ ಅಂತ ಇಷ್ಟು ಮಂದಿನ್ನ ಕೇಳಿರಿ. ನರ್ಸ್ ಆಗಲಿಲ್ಲಂದ್ರ ನನಗ ಎಷ್ಟು ಬರ್ತದ ಅಂತ ಯಾರನ್ನರ ಕೇಳಿರೇನು?"

ಇಲ್ಲ, ಕೇಳಿರಲಿಲ್ಲ. ಅದಕ್ಕೆ ನಮ್ಮ ನಮೂನೆಯಲ್ಲಿ ಖಾನೆಯೂ ಇಲ್ಲ. ಆಕೆಯೇ ಹೇಳಿದಳು. ಹಳ್ಳಿಯಲ್ಲಿ ಹತ್ತಿ ಬಿಡಿಸಿದರೆ ವರ್ಷದಲ್ಲಿ ನಾಲ್ಕು ತಿಂಗಳ ಕೂಲಿ. ಜಹೀರಾಬಾದಿನ ಸೀರೆ ಅಂಗಡಿಯಲ್ಲಿ ನಿಂತರೆ ಎಂಟು ಸಾವಿರ, ಬಸ್ಸಿಗೆ ಎರಡು. ಇಲ್ಲವೆಂದರೆ ಮದುವೆ. ಗಂಡಿನ ಕಡೆಯವರು ದೀಪಾವಳಿಗೇ ಬಂದು ಹೋಗಿದ್ದಾರಂತೆ.

ತಾಯಿ ತಲೆ ತಗ್ಗಿಸಿದರು. ನಾನು ಪೆನ್ನು, ಕ್ಯಾಲ್ಕುಲೇಟರು ಎರಡನ್ನೂ ಆ ಹುಡುಗಿಯ ಕಡೆ ತಳ್ಳಿದೆ. "ನೋಡು ತಂಗಿ. ಹದಿಮೂರರ ಅರ್ಧ ಆರೂವರೆ. ಕಂತು ಅದನ್ನ ದಾಟಬಾರದು. ಅದರೊಳಗ ಏನು ಬೇಕು ನೀನೇ ಹಾಕ್ಕೋ. ನಾ ಮಧ್ಯ ಬಾಯಿ ಹಾಕಂಗಿಲ್ಲ."

ಬಡ್ಡಿ ಹಾಕುವ ರೀತಿ ಹೇಳಿಕೊಟ್ಟೆ. ಮೊದಲ ವರ್ಷದ ದುಡ್ಡಿಗೆ ಐದು ವರ್ಷದ ಬಡ್ಡಿ, ಕೊನೆಯ ವರ್ಷದ್ದಕ್ಕೆ ಎರಡೇ ವರ್ಷದ್ದು. ಒಮ್ಮೆ ಕೇಳಿ ಹಿಡಿದುಕೊಂಡಳು. ಅರ್ಧ ಗಂಟೆ ಮೇಜಿನ ಮೂಲೆಯಲ್ಲಿ ಬರೆದಳು, ಹೊಡೆದಳು, ಮತ್ತೆ ಬರೆದಳು. ಹಿಂದೆ ಸರದಿಯಲ್ಲಿದ್ದ ಬೆಳೆ ಸಾಲದವರು ಗೊಣಗಿದರು. ಇರಲಿ ಬಿಡ್ರಿ ಅಂದೆ. ಕೊನೆಗೆ ಹಾಳೆ ನನ್ನ ಕಡೆ ತಿರುಗಿಸಿದಳು.

"ಮೂರು ವರ್ಷ ಚಿಕ್ಕವ್ವನ ಮನಿ. ಕಡೀ ವರ್ಷ ಹಾಸ್ಟೆಲ್ ಬೇಕೇ ಬೇಕ್ರಿ, ಪರೀಕ್ಷಾ, ಡ್ಯೂಟಿ ಎಲ್ಲ ಆ ವರ್ಷೇ ಇರ್ತದ. ಅದೊಂದು ಐವತ್ತು ಸೇರಿಸ್ರಿ. ಕಂತು ಆರು ಸಾವಿರ ಆಗ್ತದ, ಪಾಸ್."

ನಾನು ಇನ್ನೊಮ್ಮೆ ಹಾಕಿ ನೋಡಿದೆ. ಮೂರು ಲಕ್ಷ ಮೂವತ್ತು ಸಾವಿರದ ಸಾಲ, ಕಂತಿನ ದಿನಕ್ಕೆ ನಾಲ್ಕು ಲಕ್ಷ ನಲವತ್ತನಾಲ್ಕು ಸಾವಿರ, ತಿಂಗಳಿಗೆ ಆರು ಸಾವಿರಕ್ಕೆ ಹತ್ತು ರೂಪಾಯಿ ಕಡಿಮೆ. ಸರಿಯಾಗಿತ್ತು. ಪುಸ್ತಕ, ಯೂನಿಫಾರ್ಮಿಗೆ ಮಹಿಳಾ ಸಂಘದಲ್ಲಿ ತಮ್ಮ ಉಳಿತಾಯ ಇದೆ ಎಂದು ತಾಯಿ ಹೇಳಿದರು. ಆಮೇಲೆ ಬೆರಳು ಮಡಿಸಿ ಏನೋ ಎಣಿಸಿ, ಮೆಲ್ಲಗೆ ಕೇಳಿದರು.

"ಹದಿಮೂರಾಗ ಆರು ಹೋದ್ರ ಏಳು. ನಾಕು ವರ್ಷ ಓದಿ ನನ್ನಕಿಂತ ಕಡಿಮಿ ಮನಿಗಿ ತರ್ತಾಳೇನ್ರಿ ಮೇಡಂ?"

ಹೌದು ಅಂದೆ. ಮಗಳು ತಾಯಿಯ ಕಡೆ ತಿರುಗಿದಳು. ದನಿಯಲ್ಲಿ ಸಿಟ್ಟು ಇರಲಿಲ್ಲ.

"ಹತ್ತು ವರ್ಷ ಅಷ್ಟ ಅವ್ವ. ಆಮ್ಯಾಲ ಪೂರಾ ನಂದು. ನೀ ಕೆಲಸಕ್ಕ ಸೇರಿ ಹದಿನೆಂಟು ವರ್ಷ ಆತು, ನಿಂದು ಇನ್ನಾ ಏಳೂವರಿನೇ ಅದ."

ತಾಯಿ ಸೆರಗಿನಿಂದ ಮುಖ ಒರೆಸಿಕೊಂಡು, "ಎಲ್ಲಿ ಸಹಿ ಮಾಡಬೇಕ್ರಿ," ಅಂದರು.

ಖಾನೆಯಲ್ಲಿ ಹದಿಮೂರು ಸಾವಿರ ಬರೆದೆ. ವಿಚಾರಿಸಿದ ಪಗಾರಗಳ ಹಾಳೆ ಲಗತ್ತಿಸಿ, ಹಿಂದಿನ ಫೈಲುಗಳ ಸಂಖ್ಯೆ ಯಾವ ಆಧಾರವೂ ಇಲ್ಲದೆ ನಕಲಾಗಿ ಬಂದದ್ದು, ಅದರಲ್ಲಿ ನನ್ನ ಕೈಯೂ ಇದೆ ಎಂದು ಒಂದು ಟಿಪ್ಪಣಿ ಬರೆದೆ. ಮ್ಯಾನೇಜರ್ ಎರಡು ಸಲ ಓದಿ, ಇದನ್ನು ಹಾಕಲೇಬೇಕಾ ಎಂದು ಕೇಳಿದರು. ಹಾಕಲೇಬೇಕು ಅಂದೆ. ಮೇಲಿನ ಆಫೀಸಿನಿಂದ ಬುಧವಾರ ಫೈಲು ವಾಪಸು ಬಂತು. ವರಮಾನ ಇಷ್ಟು ಕಡಿಮೆ ಯಾಕೆ, ಪರಿಶೀಲಿಸಿ ತಿದ್ದಿ ಕಳಿಸಿ ಎಂದಿತ್ತು. ತಿದ್ದಲಿಲ್ಲ, ಪರಿಶೀಲಿಸಿದೆ ಎಂದು ಬರೆದು ಹಾಗೇ ಕಳಿಸಿದೆ. ಗುರುವಾರ ಇಡೀ ದಿನ ಉತ್ತರವಿಲ್ಲ. ಹುಡುಗಿ ನಾಲ್ಕು ಸಲ ಫೋನ್ ಮಾಡಿದಳು. ಶುಕ್ರವಾರ ಹನ್ನೆರಡೂವರೆಗೆ ಮಂಜೂರಾತಿ ಬಂತು, ಮೂರು ಗಂಟೆಗೆ ಫೀಸು ಕಾಲೇಜಿನ ಖಾತೆಗೆ ಹೋಯಿತು. ನನ್ನ ಟಿಪ್ಪಣಿಯ ಬಗ್ಗೆ ವಿವರಣೆ ಕೇಳುವ ಪತ್ರ ಬೇರೆ ಬರುತ್ತದೆ ಎಂದು ಅದರಲ್ಲೇ ಬರೆದಿದ್ದರು. ಬರಲಿ.

ಅವತ್ತು ಸಂಜೆ ಮೇಜು ಎತ್ತಿಡುವಾಗ ನಾರಾಯಣಖೇಡದ ನರ್ಸಿಗೆ ಫೋನ್ ಮಾಡಿದೆ. ಅವಧಿ ಹೆಚ್ಚಿಸುವ ಅರ್ಜಿಗೆ ಒಪ್ಪಿಗೆ ಸಿಗುವಂತಿದೆ, ಕಂತು ಹನ್ನೊಂದರಿಂದ ಒಂಬತ್ತಕ್ಕೆ ಇಳಿಯಬಹುದು ಎಂದು ಹೇಳಬೇಕಿತ್ತು. ಹೇಳಿದೆ. ಒಳ್ಳೇದಾತ್ರಿ ಅಂದಳು. ಹದಿಮೂರರಲ್ಲಿ ಒಂಬತ್ತು ಹೋದರೆ ಏನು ಉಳಿಯುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಸುಮ್ಮನಿರಲಾರದೆ ಹೊಸ ಹುಡುಗಿಯ ಕಥೆ ಹೇಳಿಬಿಟ್ಟೆ. ನೀನು ಹೇಳಿದ ಮೇಲೆಯೇ ಹೀಗೆ ಮಾಡಿದ್ದು, ಆಕೆಗೆ ಆರು ಲಕ್ಷದ ಬದಲು ಮೂರು ಲಕ್ಷ ಮೂವತ್ತು ಸಾವಿರದಲ್ಲಿ ಮುಗಿಯಿತು, ಆಕೆಯೇ ಕೂತು ಲೆಕ್ಕ ಹಾಕಿದಳು ಎಂದೆ. ಆಕೆಗೆ ಹಿತವಾಗಲಿ ಅಂತಲೇ ಹೇಳಿದೆನೋ, ನನಗೇ ಹಿತವಾಗಲಿ ಅಂತ ಹೇಳಿದೆನೋ.

ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಕೇಳಿದಳು.

"ಆ ಲೆಕ್ಕ ಹಾಕಾಕ ಎಷ್ಟೊತ್ತು ಹಿಡೀತ್ರಿ ಮೇಡಂ?"

"ಅರ್ಧ ತಾಸು."

"ನನಗ ಯಾಕ ಹಂಗ ಕೂಡಿಸಿ ಹೇಳ್ಲಿಲ್ರಿ?"

ಗೊತ್ತಿರಲಿಲ್ಲ ಅನ್ನಬಹುದಿತ್ತು. ಆದರೆ ಗೊತ್ತು ಮಾಡಿಕೊಳ್ಳುವುದು ಕಷ್ಟದ ಕೆಲಸವೇನೂ ಆಗಿರಲಿಲ್ಲ, ಅದು ನನ್ನ ಕೆಲಸವೇ ಆಗಿತ್ತು. "ಅವತ್ತು ಮಾಡಲಿಲ್ಲ ತಂಗಿ," ಅಂದೆ. "ಹಳೀ ಫೈಲು ನೋಡಿ ಬರದೆ. ತಪ್ಪು ನಂದೇ."

ಬೈಯಲಿ ಎಂದು ಕಾದೆ. ಬೈಯಲಿಲ್ಲ.

"ಪೇಷಂಟ್ ಕರೆಯಾಕತ್ಯಾರ್ರಿ," ಅಂದಳು. "ಈ ತಿಂಗಳದ್ದು ಐದು ಸಾವಿರ ನಾಳೆ ಹಾಕ್ತೀನಿ."